ಗಂಗಾವತಿ ಬಜಾರದ ಎರಡು ಚಿತ್ರಗಳು

ಕೊಪ್ಪಳದಿಂದ ಗಂಗಾವತಿಗೆ ಇದ್ದಿಲು ಬಸ್ಸು ಹೊರಟಾಗ ಬೆಳಗಿನ ಏಳು ಗಂಟೆ. ಯುದ್ಧದ ದೆಸೆಯಿಂದ ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಹಿಂದೆ ಕಟ್ಟಿದ ಒಲೆಗೆ ಗಾಳಿ ಹಾಕಿ ಹಾಕಿ ಕ್ಲೀನರನು ಬೆವೆತಿದ್ದ. ಟಿಕೀಟು ನಿಜಾಮರ ಹಾಲಿ ನಾಣ್ಯದಲ್ಲಿ ಹನ್ನೆರಡಾಣೆ. ಮೂವತ್ತು ಮೈಲಿಯೂ ಇಲ್ಲದ ದಾರಿ ನಾಲ್ಕು ತಾಸು ಹಿಡಿಯಿತು. ನನ್ನ ತೊಡೆಯ ಮೇಲೆ ನಮ್ಮ ಯಜಮಾನರ ಪೆಟ್ಟಿಗೆ ಕ್ಯಾಮೆರಾ ಇತ್ತು. ರೀಲಿನಲ್ಲಿ ಎರಡೇ ಚಿತ್ರಗಳಿಗೆ ಜಾಗವಿತ್ತು. ಹೊಸ ರೀಲು ಹುಬ್ಬಳ್ಳಿಯಲ್ಲೂ ಸಿಕ್ಕಿರಲಿಲ್ಲ.

ಕರೆಸಿದವಳು ನಮ್ಮ ಚಿಗವ್ವ, ತಾಯಿಯ ತಂಗಿ. ಬಜಾರದ ರಸ್ತೆ ಅಗಲ ಮಾಡಲು ಎರಡೂ ಸಾಲಿನ ಮನೆಗಳ ಮುಂಭಾಗ ಕೆಡವುತ್ತಿದ್ದರು. ಅವಳ ಕಟ್ಟೆಯ ಸರದಿ ಮರುದಿನ. ಆ ಕಟ್ಟೆಯ ಹಾಸುಗಲ್ಲಿನಲ್ಲಿ ಚೌಕಾಬಾರದ ಮನೆಗಳನ್ನು ಕೊರೆದಿದ್ದರು. ತೀರಿಹೋದ ಅವಳ ಗಂಡ, ನಮ್ಮ ಕಾಕಾ, ಎದುರಿನ ಬಳೆ ಅಂಗಡಿಯ ಹುಸೇನ ಸಾಹೇಬರ ಜೊತೆ ಮಧ್ಯಾಹ್ನವೆಲ್ಲ ಅಲ್ಲೇ ಕವಡೆ ಉರುಳಿಸುತ್ತಿದ್ದರು. "ಕಲ್ಲು ಹೋಗ್ತೈತಿ. ಆ ಆಟದ ಮನಿಗಳರ ಫೋಟೋದಾಗ ಉಳೀಲಿ" ಎಂದು ಚಿಗವ್ವ ಹೇಳಿ ಕಳಿಸಿದ್ದಳು.

ರೊಟ್ಟಿ, ಪುಂಡಿಪಲ್ಯ ಉಂಡು ಹೊರಬರುವಷ್ಟರಲ್ಲಿ ಓಣಿ ಬದಲಾಗಿತ್ತು. ಫೋಟೋ ಎಂದ ಕೂಡಲೇ ಹೊರಸು ಮಂಚಗಳು, ಆಡುಗಳು, ಒಣಹಾಕಿದ ಸೀರೆಗಳು ಒಳಗೆ ಹೋಗಿದ್ದವು. ನಾನು ರಸ್ತೆಯ ಆಚೆ ನಿಂತು, ಕಟ್ಟೆಯತ್ತ ಹಿಡಿದ ಕ್ಯಾಮೆರಾದ ಕಿಂಡಿಗೆ ಬಗ್ಗಿದೆ. ಕಣ್ಣು ಹೋದದ್ದು ಅದೇ ಸಾಲಿನಲ್ಲಿ ಆಗಲೇ ಕತ್ತರಿಸಿದ ಮನೆಗಳ ಮೇಲೆ: ನೀಲಿ ಬಳಿದ ಅಡಿಗೆಮನೆ ಗೋಡೆ, ಮಸಿ ಹಿಡಿದ ದೀಪದ ಗೂಡು, ಎಲ್ಲವೂ ಬೀದಿಗೆ ಕಾಣುತ್ತಿದ್ದವು. ಗುಂಡಿ ಒತ್ತಿಬಿಟ್ಟೆ.

ಆಗ ಚಿಗವ್ವ ಸೀರೆ ಬದಲಿಸಿ ಹೊರಗೆ ಬಂದಳು. ಕಟ್ಟೆಯ ತುಂಬ ಜಮಖಾನ ಹಾಸಿತ್ತು.

"ಇದನ್ಯಾರು ಹಾಸಿದ್ರು?" ಎಂದಳು.

"ನಾನಽ ಹಾಸೀನಿ" ಎಂದಳು ನೆರೆಮನೆಯ ಶಂಕ್ರವ್ವ. "ಬರೇ ಕಲ್ಲು ಬಂದ್ರ ಮಂದಿ ಏನಂದಾರು? ಮಗಳು ಕೊಪ್ಪಳದಿಂದ ಬಂದಾಳ, ಒಂದು ಹಾಸಿಗಿ ಇಲ್ಲಂತ ನಗಂಗಿಲ್ಲೇನು?"

ಚಿಗವ್ವ ಜಮಖಾನ ಸರಿಸಿ ಗೆರೆಗಳ ಮೇಲೆ ಕೈಯಾಡಿಸಿದಳು. ಗೆರೆಗಳು ಮುಚ್ಚಿದ್ದನ್ನು ನೋಡದೆ ಗುಂಡಿ ಒತ್ತಿದವಳು ನಾನು, ತಪ್ಪು ನನ್ನದೇ. ಅಷ್ಟರಲ್ಲಿ ಬಿಸಿಲು ಗೋಡೆ ಏರಿತ್ತು, ಕಟ್ಟೆ ನೆರಳಾಗಿತ್ತು; ಪೆಟ್ಟಿಗೆ ಕ್ಯಾಮೆರಾ ನೆರಳಿನಲ್ಲಿ ಏನನ್ನೂ ಹಿಡಿಯದು. ಉಳಿದದ್ದು ಒಂದು ಚಿತ್ರ, ಒಂದು ಮುಂಜಾನೆ.

ಮರುದಿನ ಬಿಸಿಲಿಗಿಂತ ಮೊದಲು ಹಾರೆಗಳು ಬಂದವು. ಸ್ವಲ್ಪ ಹೊತ್ತು ತಡೆಯಿರೆಂದು ಮೇಸ್ತ್ರಿಯನ್ನು ಬೇಡಿಕೊಂಡೆ.

"ಸೂರ್ಯಾಗೂ ಅರ್ಜಿ ಕೊಟ್ಟೀರೇನ್ರಿ ಬಾಯಾರ?" ಎಂದನಾತ. ಆದರೂ ಆಳುಗಳನ್ನು ಪಕ್ಕದ ಮನೆಗೆ ಕಳಿಸಿದ.

ಗೆರೆಗಳು ಕಾಣಲೆಂದು ನಾನು ರಂಗೋಲಿ ಪುಡಿ ತುಂಬಿದೆ. ಹುಸೇನ ಸಾಹೇಬರು ಅಂಗಡಿಯಿಂದ ಇಳಿದು ಬಂದು ತಮ್ಮ ಬದಿಗೆ ಕುಳಿತರು. ಎದುರಿನ ಜಾಗ ಖಾಲಿ ಇತ್ತು.

"ವೈನಿ, ಒಬ್ಬನಽ ಹೆಂಗ ಆಡ್ಲಿ?" ಎಂದು ಬಾಗಿಲಲ್ಲಿದ್ದ ಚಿಗವ್ವನನ್ನು ಕೇಳಿದರು.

ಬಜಾರದ ಕಟ್ಟೆಯ ಮೇಲೆ ಹೆಣ್ಣುಮಕ್ಕಳು ಕೂಡುವ ರೂಢಿ ಅಲ್ಲಿಲ್ಲ. ಚಿಗವ್ವ ಮೂವತ್ತು ವರ್ಷ ಬಾಗಿಲ ಮರೆಯಿಂದಲೇ ಆ ಆಟ ನೋಡಿದ್ದಳು. ಸೆರಗು ಬಿಗಿದು ಹೊಸ್ತಿಲು ದಾಟಿ ಬಂದು ಗಂಡನ ಜಾಗದಲ್ಲಿ ಕುಳಿತಳು.

"ಅವ್ವಾ ದೇವ್ರ!" ಎಂದ ಶಂಕ್ರವ್ವ ಬಾಯಿಗೆ ಸೆರಗು ಹಿಡಿದಳು. ಬಿಸಿಲು ಕಟ್ಟೆಗೆ ಬಿತ್ತು. ಚಿಗವ್ವ ಕವಡೆ ಎಸೆದಳು; ನಾನು ಗುಂಡಿ ಒತ್ತಿದೆ. ನಾಲ್ಕೂ ಅಂಗಾತ ಬಿದ್ದವು.

"ಚೌಕಾ!" ಎಂದರು ಸಾಹೇಬರು. ಚೌಕಾ ಬಿದ್ದವರಿಗೆ ಇನ್ನೊಮ್ಮೆ ಕವಡೆ ಹಾಕುವ ಗರವುಂಟು. "ಹಾಕ್ರಿ ವೈನಿ, ನಿಮ್ದಽ ಐತಿ."

ಚಿಗವ್ವ ಕವಡೆಗಳನ್ನು ಮುಟ್ಟಲಿಲ್ಲ. "ಅದು ಅವರದು, ಸಾಹೇಬ್ರ. ಇರ್ಲಿ" ಎಂದು ಎದ್ದು, ಮೇಸ್ತ್ರಿಯ ಕಡೆ ತಿರುಗಿ, "ಈಗ ಎಬ್ಬಸ್ರಿ" ಎಂದಳು.

ಹತ್ತು ಗಂಟೆಯ ಬಸ್ಸಿಗೆ ಹೊರಟ ನಾನು ಓಣಿಯ ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿದೆ. ನಾಲ್ಕು ಆಳುಗಳು ಹಾಸುಗಲ್ಲಿನ ಕೆಳಗೆ ಹಾರೆ ಕೊಟ್ಟಿದ್ದರು. ಕಲ್ಲು ಓರೆಯಾದಂತೆ ರಂಗೋಲಿ ಪುಡಿ ಗೆರೆಗಳಿಂದ ಜಾರಿ ರಸ್ತೆಗೆ ಸುರಿಯುತ್ತಿತ್ತು. ಚಿಗವ್ವ ಬಾಗಿಲ ಮರೆಗೆ ಹೋಗಿರಲಿಲ್ಲ, ಬೀದಿಯಲ್ಲೇ ನಿಂತಿದ್ದಳು.