ಸರ್ವಮಂಗಳ ಮೇಡಂ ಮತ್ತು ಬಾಣದ ಗುರುತಿಲ್ಲದ ತಗಡು

ಎಕ್ಸ್‌ರೇ ಮಷಿನ್ ಮುಂದೆ ಕೂತು ಕೆಲಸ ಮಾಡುತ್ತೇನೆ ಎಂದು ಒಂದು ಸಲ ಬಾಯಿಬಿಟ್ಟಿದ್ದೇ ಸರ್ವಮಂಗಳ ಮಾಡಿದ ತಪ್ಪು. ಅಂದಿನಿಂದ ಗುಬ್ಬಿಯ ತವರಿನ ಕಡೆಯವರೆಲ್ಲ ಮಂಡಿನೋವು, ಸೊಂಟನೋವು ಹೊತ್ತುಕೊಂಡು ತುಮಕೂರಿನ ಉಪ್ಪಾರಹಳ್ಳಿಯ ಅವಳ ಮನೆಗೆ ಬರತೊಡಗಿದರು. "ನಿನ್ ಮಷಿನ್ನಾಗೆ ಒಂದ್ಸಲ ನೋಡ್ಬುಡು ಕಣೇ, ಹೊರಗಡೆ ಯಾಕೆ ತೋರುಸ್ಬೇಕು" ಎಂದು ಚಿಕ್ಕಮ್ಮ ವನಜಮ್ಮ ಸೀರೆಯನ್ನು ಮಂಡಿಯವರೆಗೆ ಎತ್ತಿಕೊಂಡೇ ಕೂತುಬಿಟ್ಟಿದ್ದಳು. ಅದು ಮೂಳೆ ನೋಡುವ ಮಷಿನ್ನಲ್ಲ, ಲೋಹ ನೋಡುವುದು ಎಂದು ಹೇಳಿ ಹೇಳಿ ಸರ್ವಮಂಗಳಳ ಗಂಟಲ ಪಸೆ ಆರಿತ್ತು. ಕೊನೆಗೆ ಹೇಳುವುದನ್ನೇ ಬಿಟ್ಟು, ನೋವಿನೆಣ್ಣೆ ಕೊಟ್ಟು ಕಳಿಸುವುದನ್ನು ರೂಢಿ ಮಾಡಿಕೊಂಡಳು.

ಅವಳ ಕೆಲಸವೇ ಹಾಗೆ, ಮಾಡುವುದಕ್ಕಿಂತ ಹೇಳುವುದು ಕಷ್ಟ. ಯಾವ ಲೋಹವೇ ಆಗಲಿ, ಅದು ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳ ರಾಶಿ. ತಗಡು ಮಾಡಲು ಅದನ್ನು ರೋಲರುಗಳ ನಡುವೆ ಹಾಕಿ ಎಳೆದಾಗ ಆ ಹರಳುಗಳು ಬಹುಪಾಲು ಒಂದೇ ರೀತಿ ವಾಲಿಕೊಂಡು ಕೂರುತ್ತವೆ. ಸೌದೆಗೆ ನಾರಿನ ಜಾಡು ಇರುವ ಹಾಗೆ ತಗಡಿಗೂ ಒಂದು ಜಾಡು ಹುಟ್ಟುತ್ತದೆ. ತಗಡಿನ ಒಂದು ಪುಟ್ಟ ಚೌಕವನ್ನು ಮಷಿನ್ನಿಗೆ ಕೂರಿಸಿ, ವಾಲಿಸಿ, ತಿರುಗಿಸಿ, ಒಂದೊಂದು ಕೋನದಲ್ಲೂ ಎಕ್ಸ್‌ರೇ ಬಿಟ್ಟು, ಎಷ್ಟು ಹರಳು ಯಾವ ಕಡೆ ಮುಖ ಮಾಡಿವೆ ಎಂದು ನಕ್ಷೆ ತೆಗೆಯುವುದು ಸರ್ವಮಂಗಳಳ ಕೆಲಸ. ಅದಕ್ಕೆ ಟೆಕ್ಸ್ಚರ್ ಟೆಸ್ಟ್ ಎನ್ನುತ್ತಾರೆ. ಫಿಸಿಕ್ಸ್‌ನಲ್ಲಿ ಬಿಎಸ್ಸಿ ಮುಗಿಸಿ ಆ ಖಾಸಗಿ ಲ್ಯಾಬಿಗೆ ಟೈಪಿಸ್ಟಾಗಿ ಸೇರಿದವಳು, ನೋಡಿ ನೋಡಿಯೇ ಮಷಿನ್ ಕಲಿತು, ಈಗ ಅದರ ಮುಂದೆ ಇಪ್ಪತ್ತಾರು ವರ್ಷ ಕಳೆದಿದ್ದಾಳೆ.

ಆ ಇಪ್ಪತ್ತಾರು ವರ್ಷವೂ ಅವಳು ಜನರಲ್ಲಿ ಕೇಳಿದ್ದು ಒಂದೇ. ತಗಡನ್ನು ಯಾವ ಕಡೆಗೆ ಎಳೆದಿದ್ದಾರೆ ಎಂದು ತುಂಡಿನ ಮೇಲೊಂದು ಬಾಣದ ಗುರುತು ಹಾಕಿ ತನ್ನಿ. ಅದಿಲ್ಲದೆ ತೆಗೆದ ನಕ್ಷೆ ನೀರಿನಲ್ಲಿ ಹೋಮ ಮಾಡಿದ ಹಾಗೆ. ಬಾಗಿಲಿಗೆ ಬೋರ್ಡು ಹಾಕಿಸಿದಳು, ಫಾರಮ್ಮಿನಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದಳು. ಪಿಎಚ್‌ಡಿ ಮಾಡುವವರು, ದೊಡ್ಡ ಕಂಪನಿಯ ಇಂಜಿನಿಯರುಗಳು, ಯಾರೂ ಓದುವುದಿಲ್ಲ. ತುಂಡನ್ನು ಬೋಳಾಗಿ ತಂದಿಟ್ಟು, "ಮೇಡಂ, ಅಂದಾಜಿನ ಮೇಲೆ ಮಾಡಿ" ಎನ್ನುತ್ತಾರೆ. ಅಂದಾಜು ಎಂಬ ಮಾತು ಕೇಳಿದರೆ ಸರ್ವಮಂಗಳಳ ಮೈ ಉರಿಯುತ್ತದೆ.

ಹೋದ ಜೂನ್‌ನಲ್ಲಿ ಬಂದ ಗಂಗರಾಜು ಕೂಡ ಹಾಗೆಯೇ ಗುರುತಿಲ್ಲದ ತುಂಡು ಹಿಡಿದು ಬಂದ. ಅವನು ಕುಣಿಗಲ್ ಬಳಿ ಏಕಾಂತಯ್ಯನವರ ಅಲ್ಯುಮಿನಿಯಂ ಪಾತ್ರೆ ಕಾರ್ಖಾನೆಯಲ್ಲಿ ಪ್ರೆಸ್ ಓಡಿಸುವವನು, ಇಪ್ಪತ್ತೆರಡು ವರ್ಷ ಪಳಗಿದ ಕೈ. ತಗಡಿನಿಂದ ದುಂಡಗೆ ಕತ್ತರಿಸಿದ ಬಿಲ್ಲೆಯನ್ನು ಪ್ರೆಸ್ಸಿಗಿಟ್ಟು ಒತ್ತಿದರೆ ಡಬರಿ ಆಗುತ್ತದೆ. ಮೂರು ತಿಂಗಳಿಂದ ಡಬರಿಯ ಬಾಯಿ ಸಮವಾಗಿ ಬರದೆ, ನಾಲ್ಕು ಕಡೆ ಅಂಚು ಮೇಲೆದ್ದು, ನಾಲ್ಕು ಕಡೆ ತಗ್ಗಾಗಿ ಬರುತ್ತಿತ್ತು. ಕತ್ತರಿಸಿ ಸಮ ಮಾಡಿದರೆ ಡಬರಿ ಗಿಡ್ಡವಾಗಿ ಗುಜರಿಗೆ ಹೋಗುತ್ತಿತ್ತು. ಗಂಗರಾಜುಗೆ ವಯಸ್ಸಾಯಿತು, ಬಿಲ್ಲೆಯನ್ನು ನಡುವಿಗೆ ಇಡದೆ ಒಂದು ಕಡೆ ಜರುಗಿಸಿಡುತ್ತಾನೆ ಎಂದು ಏಕಾಂತಯ್ಯ ತೀರ್ಮಾನಿಸಿದ್ದರು. ತಿಂಗಳ ಕೊನೆಯೊಳಗೆ ತಪ್ಪು ತಗಡಿನದು ಎಂದು ಲ್ಯಾಬಿನ ಕಾಗದ ತರಬೇಕು, ಇಲ್ಲವಾದರೆ ಮನೆಗೆ.

ಇಷ್ಟನ್ನು ಹೇಳಿ ಅವನು ಟೇಬಲ್ಲಿನ ಮೇಲೆ ಮೂರು ದುಂಡನೆಯ ಬಿಲ್ಲೆ ಇಟ್ಟ. ದುಂಡಗಿನ ಬಿಲ್ಲೆಗೆ ತಲೆ ಯಾವುದು, ಬುಡ ಯಾವುದು?

"ಏನ್ರೀ ಇದು. ಶೀಟ್ ಎಳ್ದಿರೋ ದಿಕ್ಕು ಎಲ್ಲಿದೆ ಇದ್ರಲ್ಲಿ? ದೊಡ್ಡ ಶೀಟಿಂದಾನೇ ಚೌಕವಾಗಿ ಕತ್ತರಿಸಿ, ಬಾಣ ಹಾಕ್ಕೊಂಡ್ ಬನ್ನಿ."

"ಆಯ್ತು ಮೇಡಂ" ಎಂದು ಅವನು ಬಂದ ಬಸ್ಸಿಗೇ ವಾಪಸಾದ.

ನಾಲ್ಕು ದಿನ ಬಿಟ್ಟು ಚೌಕದ ತುಂಡುಗಳು ಬಂದವು. ಬೆಳ್ಳಿಯಂತೆ ಫಳಫಳ ಹೊಳೆಯುತ್ತಿದ್ದವು, ಬಾಣದ ಸುಳಿವಿರಲಿಲ್ಲ. ಗಂಗರಾಜು ತಲೆ ಕೆರೆದುಕೊಂಡ. "ಮಾರ್ಕರಲ್ಲಿ ಹಾಕಿದ್ದೆ ಮೇಡಂ. ನಮ್ಮನೆಯೋಳು, ಚಿಕ್ಕಗಂಗಮ್ಮ, ಆಫೀಸ್ಗೆ ಹೋಗೋ ಸಾಮಾನು ಮಸಿಮಸಿಯಾಗಿ ಹೋಗ್ಬಾರ್ದು ಅಂತ ಹುಣಸೆಹಣ್ಣು ಹಾಕಿ ತಿಕ್ಬುಟ್ಟವ್ಳೆ."

ಸರ್ವಮಂಗಳಳಿಗೆ ಬೈಯಲೂ ಆಗದೆ ನಗಲೂ ಆಗದೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಆದರೂ ಬೈದಳು. ಮೊಳೆಯಲ್ಲಿ ಗೀಚಿಕೊಂಡು ಬನ್ನಿ, ಹೆಂಡತಿಗೆ ತೋರಿಸಬೇಡಿ, ಇನ್ನು ಹತ್ತೇ ದಿನ ಉಳಿದಿರುವುದು ನಿಮಗೆ ನೆನಪಿದೆಯೋ ಇಲ್ಲವೋ ಎಂದು ಉದ್ದಕ್ಕೂ ಹೇಳಿದಳು. ಅವನು ಏನೋ ಹೇಳಲು ಬಾಯಿ ತೆರೆದ. ಅವಳು "ಮೊದ್ಲು ಗುರುತು ಹಾಕ್ಕೊಂಡ್ ಬನ್ರೀ" ಎಂದು ಕಳಿಸಿದಳು.

ಮೂರನೆಯ ಸಲ ಬಂದ ತುಂಡುಗಳ ಮೇಲೆ ಎರಡೂ ಬದಿ ಬಾಣ ಕೊರೆದಿತ್ತು. ಎರಡು ದಿನ ಮಷಿನ್ ಓಡಿತು. ನಕ್ಷೆ ಬಂದಾಗ ಅವಳಿಗೆ ಅನುಮಾನವೇ ಉಳಿಯಲಿಲ್ಲ. ಹರಳುಗಳಲ್ಲಿ ಹೆಚ್ಚಿನವು ಪೆಟ್ಟಿಗೆ ಜೋಡಿಸಿಟ್ಟಂತೆ ಒಂದೇ ವರಸೆಯಲ್ಲಿ ಕೂತಿದ್ದವು. ಇಂಥ ತಗಡನ್ನು ಯಾರು ಒತ್ತಿದರೂ, ಎಳೆದ ದಿಕ್ಕಿನ ಎರಡು ತುದಿಯಲ್ಲಿ ಮತ್ತು ಅದಕ್ಕೆ ಅಡ್ಡವಾಗಿ ಎರಡು ಕಡೆ ಅಂಚು ಏಳಲೇಬೇಕು. ರಿಪೋರ್ಟು ಕುಣಿಗಲ್‌ಗೆ ಹೋಯಿತು.

ಮಾರನೆಯ ದಿನವೇ ಏಕಾಂತಯ್ಯನವರ ಫೋನು. "ಏನ್ ಮೇಡಂ ಇದು, ಬರೀ ದುಂಡ್ ದುಂಡ್ಗೆ ಗೆರೆ ಎಳ್ದು ಕಳ್ಸಿದೀರಿ. ಜಾತಕ ಏನಾದ್ರೂ ಬರ್ದಿದೀರಾ? ಗಂಗರಾಜು ತಪ್ಪಿಲ್ಲ ಅಂತ ಇದ್ರಲ್ಲಿ ಎಲ್ಲಿದೆ?"

ಹಾಗೆಂದು ಒಂದು ಸಾಲು ಸೇರಿಸೋಣ ಎಂದು ಲ್ಯಾಬಿನ ಮ್ಯಾನೇಜರ್ ಭಾನುಪ್ರಕಾಶ್ ಬಳಿ ಹೋದರೆ, ಅವಳಿಗಿಂತ ಹದಿನೈದು ವರ್ಷ ಚಿಕ್ಕವನಾದ ಅವನು ಕಂಪ್ಯೂಟರಿನಿಂದ ಕಣ್ಣು ಎತ್ತದೆ ಹೇಳಿದ. "ಅಂಕಿ ಕೊಡೋದು ನಮ್ ಕೆಲ್ಸ ಮೇಡಂ. ತಪ್ಪು ಯಾರ್ದು ಅಂತ ಬರ್ಯೋದಲ್ಲ."

ಅಂಕಿ ಓದಲು ಬರದವನಿಗೆ ಅಂಕಿ, ಓದಲು ಬರುವವರಿಗೆ ಬಾಯಿಗೆ ಬೀಗ. ಸರ್ವಮಂಗಳ ಶನಿವಾರ ರಜೆ ಹಾಕಿ, ಯಾರಿಗೂ ಹೇಳದೆ ಕುಣಿಗಲ್ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಏಕಾಂತಯ್ಯನವರನ್ನು, ಭಾನುಪ್ರಕಾಶನನ್ನು, ತಗಡು ಮಾಡಿದವರನ್ನು, ಕೊನೆಗೆ ಕಿಟಕಿ ತೆಗೆಯಲು ಬಿಡದ ಪಕ್ಕದ ಹೆಂಗಸನ್ನೂ ಮನಸ್ಸಿನಲ್ಲೇ ಬೈದುಕೊಂಡಳು.

ಕಾರ್ಖಾನೆಯಲ್ಲಿ ಅವಳು ಮಾತು ಬೆಳೆಸಲಿಲ್ಲ. ದೊಡ್ಡ ತಗಡಿನ ಮೇಲೆ ಎಳೆದ ದಿಕ್ಕಿಗೆ ಉದ್ದುದ್ದ ಗೆರೆ ಗೀಚಿ, ಆಮೇಲೆ ಬಿಲ್ಲೆ ಕತ್ತರಿಸಿ ಎಂದಳು. ಗೆರೆ ಪ್ರೆಸ್ಸಿಗೆ ನೇರವಾಗಿರುವಂತೆ ಗಂಗರಾಜು ಕೈಯಲ್ಲಿ ಒಂದು ಬಿಲ್ಲೆ ಇಡಿಸಿ ಒತ್ತಿಸಿದಳು. ಎದ್ದ ನಾಲ್ಕು ಅಂಚುಗಳಲ್ಲಿ ಎರಡು, ಗೆರೆಯ ಎರಡು ತುದಿಗೇ ಇದ್ದವು. ಎರಡನೆಯದನ್ನು ಓರೆಯಾಗಿ ತಿರುಗಿಸಿ ಇಡಿಸಿದಳು. ಅಂಚೂ ಗೆರೆಯ ಜೊತೆಗೇ ತಿರುಗಿತು. ಮೂರನೆಯದನ್ನು, "ಈಗ ನೀವೇ ಇಡಿ" ಎಂದು ಏಕಾಂತಯ್ಯನವರ ಕೈಗೆ ಕೊಟ್ಟಳು. ಅವರು ಪಂಚೆ ಎತ್ತಿ ಕಟ್ಟಿ, ಬಿಲ್ಲೆಯನ್ನು ಇಷ್ಟ ಬಂದ ಕಡೆ ತಿರುಗಿಸಿ ಇಟ್ಟರು. ಅಂಚು ಮತ್ತೆ ಗೆರೆಯ ತುದಿಯಲ್ಲೇ ಎದ್ದಿತ್ತು.

"ಕೈ ತಪ್ಪಾಗಿದ್ರೆ ಬಿಲ್ಲೆ ಜರುಗಿದ್ ಕಡೆ ಮಾತ್ರ ಅಂಚು ಏಳ್ಬೇಕಿತ್ತು. ಇದು ಶೀಟ್ ಹಿಂದೇನೇ ಓಡಾಡ್ತಿದೆ, ನೋಡಿ" ಎಂದಳು ಸರ್ವಮಂಗಳ.

ಏಕಾಂತಯ್ಯ ಮೂರು ಡಬರಿಯನ್ನೂ ತಿರುಗಿಸಿ ತಿರುಗಿಸಿ ನೋಡಿ ಕೆಳಗಿಟ್ಟರು. "ಈ ಲಾಟ್ ಶೀಟ್ ವಾಪಸ್ ಕಳ್ಸಾನ. ಏ ಗಂಗರಾಜು, ಸೋಮವಾರ ಎಂದಿನಂಗೆ ಬಂದ್ಬುಡು" ಎಂದು ಒಳಗೆ ಹೋದರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಗಂಗರಾಜು ಕೈ ಒರೆಸಿಕೊಂಡು, ಗೋಡೆಗೆ ಒರಗಿ, ನಿಧಾನವಾಗಿ ಉಸಿರು ಬಿಟ್ಟ. ಮೂರೂ ಡಬರಿ ನೋಡಿ ಅವನಿಗೆ ಒಂದಿಷ್ಟೂ ಆಶ್ಚರ್ಯ ಆದಂತಿರಲಿಲ್ಲ. ಅದು ಸರ್ವಮಂಗಳಳ ಕಣ್ಣಿಗೆ ಬಿತ್ತು.

"ನಿಮ್ಗೆ ಹಿಂಗೇ ಆಗತ್ತೆ ಅಂತ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು ಮೇಡಂ. ಈ ಲಾಟ್ ಶೀಟ್ ಬಂದ್ ಮೊದಲ್ನೇ ವಾರಾನೇ ಬಿಲ್ಲೆ ತಿರುಗ್ಸಿ ಒತ್ತಿ ನೋಡಿದ್ದೆ. ಸಾವ್ಕಾರ್ರಿಗೆ ಎರಡ್ ಸಲ ಹೇಳ್ದೆ. ನೀನೇನ್ ಇಂಜಿನಿಯರಾ ಅಂದ್ರು. ಕಾಗ್ದ ತಾ ಅಂದ್ರು. ಅದ್ಕೇ ನಿಮ್ ತಾವ ಬಂದಿದ್ದು."

"ಮತ್ತೆ ನನ್ಗಾದ್ರೂ ಹೇಳ್ಬಾರ್ದಿತ್ತಾ? ಮೂರ್ ಸಲ ಬಂದ್ರಲ್ಲ."

"ನೀವು ಕೇಳ್ಲಿಲ್ಲ ಮೇಡಂ" ಎಂದ ಗಂಗರಾಜು, ದೂರುವ ದನಿಯಲ್ಲೇನೂ ಅಲ್ಲ.

ಬೆಳಗಿನಿಂದ ಕಂಡಕಂಡವರನ್ನೆಲ್ಲ ಬೈದುಕೊಂಡು ಬಂದ ಸರ್ವಮಂಗಳಳಿಗೆ ಆ ಹೊತ್ತಿನಲ್ಲಿ ಬೈಯಲು ತನ್ನನ್ನು ಬಿಟ್ಟು ಬೇರೆ ಯಾರೂ ಸಿಗಲಿಲ್ಲ. ನಾಚಿಕೆಯಾಯಿತು. ಅವಳು ಒಂದು ಸ್ಟೂಲು ಎಳೆದುಕೊಂಡು ಪ್ರೆಸ್ಸಿನ ಪಕ್ಕ ಕೂತು, "ಈಗ ಹೇಳಿ. ಮೊದಲ್ನೇ ವಾರ ಏನೇನ್ ನೋಡಿದ್ರಿ?" ಎಂದು ಕೇಳಿದಳು.