ಮೂರು ತಿಂಗಳ ಸೂಜಿ

ನಮ್ಮ ಬೀದಿಯಲ್ಲಿ ಯಾವ ಹೆಂಗಸು ಯಾವಾಗ ಮುಟ್ಟಾದಳು ಎಂಬುದು ಗುಟ್ಟೇ ಅಲ್ಲ. ಮುಟ್ಟಾದವಳು ಮೂರು ದಿನ ಅಡುಗೆಮನೆಗೆ ಕಾಲಿಡದೆ ಜಗಲಿಯ ಮೇಲೆ ಕೂರುತ್ತಾಳೆ. ಡೈರಿಗೆ ಹಾಲು ಹಾಕಲು ಹೋಗುವವರೆಲ್ಲ ನೋಡಿಕೊಂಡೇ ಹೋಗುತ್ತಾರೆ. ಕುಂದಾಣದ ಹತ್ತಿರದ ನಮ್ಮೂರಿನ ಮೇಲೆ ವಿಮಾನಗಳು ಹಾರತೊಡಗಿ ಎಷ್ಟೋ ವರ್ಷವಾದರೂ ಈ ಪದ್ಧತಿ ಹಾಗೇ ಇತ್ತು.

ನನಗೆ ಆಗಷ್ಟೇ ಏರ್‌ಪೋರ್ಟಿನೊಳಗಿನ ಒಂದು ಕಾಫಿ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ಮಗಳು ಅಂಗನವಾಡಿಗೆ ಹೋಗುತ್ತಿದ್ದಳು. ಕೆಲಸ ಖಾಯಂ ಆಗುವವರೆಗೆ ಇನ್ನೊಂದು ಮಗು ಬೇಡವೆಂದು ಗಂಡನೊಂದಿಗೆ ಮಾತಾಡಿಕೊಂಡು, ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ತಿಂಗಳಿಗೊಮ್ಮೆ ಹಾಕುವ ಸೂಜಿ ಹಾಕಿಸಿಕೊಂಡೆ. ಮೊಮ್ಮಗನಿಗಾಗಿ ಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದ ಅತ್ತೆಗೆ ಹೇಳಲಿಲ್ಲ. ಹೇಳಿದ್ದರೆ ಸೂಜಿಯೂ ನಿಲ್ಲುತ್ತಿತ್ತು, ಕೆಲಸವೂ ನಿಲ್ಲುತ್ತಿತ್ತು.

“ಮೊದಮೊದ್ಲು ಏರುಪೇರಾಗ್ತದೆ, ಆಮೇಲೆ ಮುಟ್ಟು ನಿಂತ್ರೂ ನಿಲ್ಬೋದು. ಗಾಬ್ರಿ ಆಗ್ಬೇಡಿ, ಜಾಸ್ತಿ ಹೋದ್ರೆ ಮಾತ್ರ ಬನ್ನಿ” ಎಂದಿದ್ದರು ನರ್ಸ್. ನಾನು ತಲೆಯಾಡಿಸಿ ಬಂದೆ. ಅವರಿಗೇನು, ಅವರ ಮನೆಗೆ ಜಗಲಿ ಇದ್ದಿರಲಾರದು.

ಏರುಪೇರು ಅಂದರೆ ಏನೆಂದು ಆಮೇಲೆ ತಿಳಿಯಿತು. ಇವತ್ತು ಚುಕ್ಕೆ, ನಾಳೆ ಇಲ್ಲ. ತಲೆಗೆ ನೀರು ಹಾಕಿಕೊಂಡು ಒಲೆ ಮುಂದೆ ನಿಂತರೆ ಮತ್ತೆ ಚುಕ್ಕೆ. ಓಡಿಹೋಗಿ ಜಗಲಿಯ ಮೇಲೆ ಕೂರುವುದು. ಮನೆಯಲ್ಲಿ ಉಪ್ಪಿನಕಾಯಿ ಜಾಡಿ ಮುಟ್ಟುವ ಹಾಗಿಲ್ಲ, ಅದೇ ಕೈಯಲ್ಲಿ ಏರ್‌ಪೋರ್ಟಿನಲ್ಲಿ ದೇಶದೇಶದವರಿಗೆ ಕಾಫಿ ಕೊಡುತ್ತಿದ್ದೆ. ಅದರಿಂದ ಯಾವ ವಿಮಾನವೂ ತಡವಾಗಿದ್ದು ನಾನು ಕಾಣೆ. ಅತ್ತೆ ಮುದ್ದೆ ತಿರುವಿ ತಿರುವಿ ಸುಸ್ತಾದರು. “ಇದೇನೇ ಇದು, ನಲ್ಲಿ ವಾಷರ್ ಹೋದಂಗೆ? ನೀನು ಒಳಗೋ ಹೊರಗೋ, ಒಂದ್ ತೀರ್ಮಾನ ಮಾಡು!” ನಾನು ಮುಖ ಸಪ್ಪಗೆ ಮಾಡಿಕೊಂಡು ಆರಾಮವಾಗಿ ಕಾಲು ಚಾಚಿ ಕೂತಿದ್ದೆ. ಮದುವೆಯಾದ ಮೇಲೆ ಅಷ್ಟು ಹೊತ್ತು ಕೂತದ್ದೇ ಇರಲಿಲ್ಲ.

ಎರಡನೇ ಸೂಜಿಯಾದ ಮೇಲೆ ಚುಕ್ಕೆಯೂ ನಿಂತಿತು. ನಾನು ಜಗಲಿಯ ಕಡೆ ಹೋಗದೆ ತಿಂಗಳಾಯಿತು, ಇನ್ನೊಂದು ತಿಂಗಳಾಯಿತು. ಬೀದಿಯೇ ಲೆಕ್ಕ ಹಾಕಿ ನನ್ನನ್ನು ಬಸುರಿ ಮಾಡಿತು. ಅತ್ತೆ ನೀರಿನ ಬಿಂದಿಗೆಯನ್ನು ನನ್ನ ಕೈಯಿಂದ ಕಿತ್ತುಕೊಂಡರು. ನನ್ನ ಮುದ್ದೆಗೆ ತುಪ್ಪ ಬಿತ್ತು. ಪಕ್ಕದ ಮನೆಯಿಂದ ಚಕ್ಕೋತ ಬಂತು. “ಬಯಕೆ ಏನಾದ್ರೂ ಇದ್ರೆ ಹೇಳೇ, ನಾಚ್ಕೊಬೇಡ” ಎಂದು ಅತ್ತೆ ತೊಳೆ ಬಿಡಿಸಿ ಕೊಟ್ಟರು, ನಾನು ತಿಂದೆ. ಬಸುರಿಯಲ್ಲದಿದ್ದರೂ ಚಕ್ಕೋತ ರುಚಿಯಾಗಿಯೇ ಇತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಅಂದುಕೊಳ್ಳುತ್ತಿದ್ದೆ. ಅವರ ಮುಖದ ಖುಷಿ ನೋಡಿದರೆ ಬಾಯೇ ಬರುತ್ತಿರಲಿಲ್ಲ.

ಒಂದು ಸಂಜೆ ಅತ್ತೆ ಫೋನ್ ಕೈಗೆತ್ತಿಕೊಂಡರು. ಅನುಗೊಂಡನಹಳ್ಳಿ ಕಡೆ ಕೊಟ್ಟಿದ್ದ ಮಗಳಿಗೆ, ಅಂದರೆ ನನ್ನ ನಾದಿನಿಗೆ, ಸುದ್ದಿ ಹೇಳಬೇಕಂತೆ. ಅವಳಿಗೆ ಸಾಲಾಗಿ ಮೂರು ಹೆಣ್ಣು. ಕೊನೆಯ ಹೆರಿಗೆಯಲ್ಲಿ ಬದುಕಿ ಬಂದದ್ದೇ ಹೆಚ್ಚು, ಆದರೂ ಗಂಡು ಬೇಕೆಂದು ಅವಳ ಅತ್ತೆ ನಾಲ್ಕನೆಯದಕ್ಕೆ ಪಟ್ಟು ಹಿಡಿದಿದ್ದರು. ಅಂಥವಳಿಗೆ ಈ ಸುಳ್ಳು ಸುದ್ದಿ ಹೋಗುವುದು ಬೇಡವೆನಿಸಿತು. “ಅತ್ತೆ, ಬಸುರಲ್ಲ. ಮಕ್ಕಳಾಗ್ದಂಗೆ ಸೂಜಿ ಹಾಕಿಸ್ಕೊಂಡಿದೀನಿ” ಎಂದುಬಿಟ್ಟೆ.

ಅತ್ತೆ ಫೋನ್ ಕೆಳಗಿಟ್ಟರು. ಬೈದರು, ನನ್ನ ತವರನ್ನೂ ಬಿಡಲಿಲ್ಲ, ತಾವು ಹೆತ್ತ ಮಗನನ್ನೂ ಬಿಡಲಿಲ್ಲ. ನಾಳೆಯಿಂದ ಕೆಲಸಕ್ಕೆ ಹೋಗಕೂಡದು ಎಂದರು. ಆಮೇಲೆ ಕಣ್ಣೊರೆಸಿಕೊಂಡರು. ಅವರನ್ನು ನೋಡಿ ನನಗೂ ಅಳು ಬಂತು.

“ಹೋಗ್ಬೇಕಾದ ರಕ್ತ ಎಲ್ಲಾ ಒಳಗೇ ಕಟ್ಕೊಳಲ್ವೇನೇ?” ಎಂದು ಕೊನೆಗೆ ಕೇಳಿದರು.

“ಕಟ್ಕೊಳಲ್ಲ ಅತ್ತೆ. ಗರ್ಭಚೀಲದಲ್ಲಿ ಅದು ಬೆಳಿಯೋದೇ ಕಮ್ಮಿ. ಕೂಡಿದ್ರೆ ತಾನೇ ಹೋಗೋದು?”

“ಆಮೇಲೆ ಬೇಕಂದ್ರೆ ಮಗು ಆಗ್ತದಾ?”

“ಆಗ್ತದೆ. ಸೂಜಿ ಬಿಟ್ಮೇಲೆ ಸ್ವಲ್ಪ ನಿಧಾನ, ಅಷ್ಟೇ.”

“ಗಂಡಂಗೆ ಗೊತ್ತಾಗಲ್ವಾ?”

“ನಿಮ್ಮ ಮಗಂಗೆ ಎಲ್ಲಾ ಗೊತ್ತು ಅತ್ತೆ.”

“ನಿನ್ ಗಂಡನ ಮಾತಲ್ಲ ಕಣೇ.” ಅತ್ತೆ ಬಾಗಿಲ ಕಡೆ ನೋಡಿ ನನ್ನ ಹತ್ತಿರ ಸರಿದರು. “ಸೋಮ್ವಾರ ಕೆಲ್ಸಕ್ಕೆ ರಜಾ ಹಾಕು. ನಿನ್ ನಾದಿನೀನ ಕರ್ಸ್ತೀನಿ. ನೀನೇ ಕರ್ಕೊಂಡ್ ಹೋಗಿ ಅವ್ಳಿಗೂ ಆ ಸೂಜಿ ಹಾಕಿಸ್ಕೊಂಡ್ ಬಾ. ಅವ್ಳ ಅತ್ತೆಗೆ ಮಾತ್ರ ಗೊತ್ತಾಗ್ಬಾರ್ದು.”