ಕೊನೆಗೆ ಉಣ್ಣುತ್ತಿದ್ದ ಸೊಸೆ

ನಾನು ಅಜ್ಜಿಯಾಗುವವಳಿದ್ದೆ! ಸೊಸೆಗೆ ಮೂರು ತಿಂಗಳೆಂದು ಪಾಣೆಮಂಗಳೂರಿನ ಡಾಕ್ಟ್ರಮ್ಮ ಹೇಳಿದ ದಿನ ಬಸ್ಸಿನುದ್ದಕ್ಕೂ ಅತ್ತು ನಕ್ಕು ಬಂದೆ.

ಹಿಂದೊಮ್ಮೆ ಅವಳು ನಾಲ್ಕು ತಿಂಗಳು ಮುಟ್ಟಾಗದಿದ್ದಾಗ ಬಸಿರೆಂದು ಊರಿಗೆಲ್ಲ ಸಾರಿದವಳು ನಾನೇ. ಐದನೆಯ ತಿಂಗಳು ಮುಟ್ಟಾಗಿ, ಹಿಂದಿನ ಜಗಲಿಯಲ್ಲಿ ಮೂರು ದಿನ ಒಬ್ಬಳೇ ಕೂತಳು. ನಾನೂ ಮಾತಾಡಿಸಲಿಲ್ಲ.

"ಇವಳಿಗೆ ತೂಕವೇ ಇಲ್ಲ. ಹೀಗೆ ಸೊರಗಿದರೆ ಮುಟ್ಟೇ ನಿಲ್ತದೆ, ಮಗು ಎಲ್ಲಿಂದ ಬರುವುದು? ಊಟ ಹಾಕ್ತೀರಾ ಇಲ್ಲವಾ?" ಎಂದು ಆಗ ಅವಳನ್ನು ತೋರಿಸಲು ಕರೆದೊಯ್ದಾಗ ಡಾಕ್ಟ್ರಮ್ಮ ನನ್ನನ್ನು ಗದರಿದ್ದರು.

ಎಲ್ಲರೂ ಉಂಡ ಮೇಲೆ ಉಳಿದ ಗಂಜಿಯನ್ನು ಅವಳು ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು. ನಾನೂ ಸೊಸೆಯಾಗಿ ಹಾಗೆಯೇ ಉಂಡವಳು. ಡಾಕ್ಟ್ರಮ್ಮ ಗದರಿದ ದಿನದಿಂದ ಅವಳಿಗೇ ಮೊದಲು ಬಡಿಸಿದೆ. ಮೈ ತುಂಬಿತು, ಮುಟ್ಟು ತಿಂಗಳಿಗೆ ಸರಿಯಾಗಿ ಬಂತು.

ಸಿಹಿಸುದ್ದಿಯ ಆ ಸಂಜೆ, ಬಡಿಸುತ್ತಿದ್ದ ನನ್ನನ್ನು ತಡೆದು, "ನೀವೂ ಕೂತ್ಕೊಳ್ಳಿ ಅತ್ತೆ" ಎಂದಳು. ಯಜಮಾನರು, ಮಗ, ಸೊಸೆ, ನಾನು ಒಟ್ಟಿಗೆ ಕೂತು ಉಂಡೆವು.